ಸರಳೆ ವರಸೆಯಿಂದ ಶುರು ಮಾಡಿ: ಸ್ಕ್ರೀನ್ ರೀಡರ್ ಇಟ್ಟುಕೊಂಡು ಮ್ಯೂಸ್‌ಸ್ಕೋರ್ ಕಲಿಯೋದು

ಮ್ಯೂಸ್‌ಸ್ಕೋರ್ ಅಂದರೆ ಕಂಪ್ಯೂಟರಿನಲ್ಲಿ ಸ್ವರ ಬರೆದು ನುಡಿಸಿ ಕೇಳುವ ಪ್ರೋಗ್ರಾಂ, ಸ್ಕ್ರೀನ್ ರೀಡರ್ ಅಂದರೆ ಪರದೆ ಮೇಲಿರೋದನ್ನು ಕಣ್ಣು ಕಾಣದವರಿಗೆ ಓದಿ ಹೇಳುವ ಪ್ರೋಗ್ರಾಂ. ಮ್ಯೂಸ್‌ಸ್ಕೋರ್ ಕಲಿಯಬೇಕು ಅಂತ ಕೂತವರು ಮೊದಲ ದಿನವೇ ಯಾವುದೋ ದೊಡ್ಡ ಹಾಡಿಗೆ ಕೈ ಹಾಕುತ್ತಾರೆ. ನಾನೂ ಅದನ್ನೇ ಮಾಡಿದ್ದೆ. ಮೂರು ಗಂಟೆ ಕೂತು ಒಂದು ಪಲ್ಲವಿ ಬರೆದು, ಸ್ಪೇಸ್ ಒತ್ತಿ ಕೇಳಿದರೆ ಯಾವುದೋ ಹಳೇ ಗಡಿಯಾರ ಬಡಿದುಕೊಂಡ ಹಾಗಿತ್ತು. ತಪ್ಪು ನನ್ನ ಬೆರಳಿನದಾ, ಕಿವಿಯದಾ, ಸಾಫ್ಟ್‌ವೇರ್‌ದಾ ಅಂತ ಗೊತ್ತಾಗಲಿಲ್ಲ. ಹಾಡೂ ಹೊಸದು, ಕೀಗಳೂ ಹೊಸವು, ಐದು ಗೆರೆಯ ಮೇಲೆ ಸ್ವರ ಬರೆಯುವ ಸ್ಟಾಫ್ ನೊಟೇಶನ್ ಭಾಷೆಯೂ ಹೊಸದು, ಇನ್ನು ಗೊತ್ತಾಗೋದಾದರೂ ಹೇಗೆ?

ಹಾಗಾಗಿ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹಾಡುವಂಥದ್ದನ್ನೇ ಮೊದಲು ಬರೆಯಿರಿ. ಸಂಗೀತ ಪಾಠದ ಮೊಟ್ಟಮೊದಲ ಸರಳೆ ವರಸೆ. ಅದರಲ್ಲಿ ಒಂದು ಸ್ವರ ಕೂದಲೆಳೆಯಷ್ಟು ಜಾರಿದರೂ ಕಿವಿಗೆ ಚುಚ್ಚುತ್ತದೆ. ಆಗ ಹೊಸದಾಗಿ ಕಲಿಯಬೇಕಾದ್ದು ಕೀಗಳು ಮಾತ್ರ.

ನನ್ನ ಬಗ್ಗೆ ಎರಡು ಮಾತು. ನಾನು ಗುಬ್ಬಿ ಕಡೆಯವನು, ಈಗ ಇರೋದು ತುಮಕೂರಿನ ಕ್ಯಾತ್ಸಂದ್ರದಲ್ಲಿ. ಗುಬ್ಬಿ ಅಂದರೆ ಗೊತ್ತಲ್ವಾ, 1884ರಲ್ಲಿ ಶುರುವಾದ ನಾಟಕ ಕಂಪನಿಯ ಊರು. ನಮ್ಮಪ್ಪ ಸುತ್ತಮುತ್ತಲ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ನನಗೆ ಹುಟ್ಟಿನಿಂದ ಕಣ್ಣು ಕಾಣಲ್ಲ, ಹಾಡೆಲ್ಲ ಅಪ್ಪನ ಪಕ್ಕ ಕೂತು ಕಿವಿಯಲ್ಲೇ ಕಲಿತದ್ದು. ಅದರಲ್ಲೇ ಜೀವನ ಸಾಗಿತ್ತು ಕೂಡ. ಒಂದು ಸಲ ಮಾತ್ರ ರೆಕಾರ್ಡಿಂಗ್‌ಗೆ ಹೋದಾಗ ಪಿಟೀಲು ನುಡಿಸೋಕೆ ಬಂದವರು, "ಸರ್, ಶೀಟ್ ಇದ್ಯಾ?" ಅಂದರು, ಸ್ವರ ಬರೆದ ಕಾಗದ ಅಂತ. ನಾನು ಹಾಡಿ ತೋರಿಸಿದೆ. ಅವರು ಪಾಪ ಒಳ್ಳೆಯವರು, ನಾಲ್ಕು ಸಲ ಕೇಳಿಸಿಕೊಂಡರು, ಆದರೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುವ ಜಾಗ ಅದು. ಅವತ್ತು ಮನೆಗೆ ಬಂದವನೇ ಲ್ಯಾಪ್‌ಟಾಪ್ ತೆಗೆದೆ.

"ಗದಗದ ಪುಟ್ಟರಾಜ ಗವಾಯಿಗಳು ಸಾಫ್ಟ್‌ವೇರ್ ಇಟ್ಟುಕೊಂಡು ಕಲಿತರಾ?" ಅಂತ ಒಬ್ಬ ಹಿರಿಯರು ನನ್ನನ್ನು ಕೇಳಿದ್ದರು. ಇಲ್ಲ ಸ್ವಾಮಿ. ನಾನು ಕಲಿಯೋದೂ ಕಿವಿಯಿಂದಲೇ. ಕಾಗದ ಬೇಕಾಗಿರೋದು ಕಣ್ಣಿರೋ ಆ ಪಿಟೀಲಿನವರಿಗೆ.

ಮೊದಲು ಕಿವಿಗೆ ಜಾಗ ಮಾಡಿ

ಮ್ಯೂಸ್‌ಸ್ಕೋರ್ ಪುಕ್ಕಟೆ ಸಿಗುತ್ತದೆ. 4ನೇ ಆವೃತ್ತಿ ಬಂದದ್ದು 2022ರ ಡಿಸೆಂಬರಿನಲ್ಲಿ, ಈಗ ಅದನ್ನು ಮ್ಯೂಸ್‌ಸ್ಕೋರ್ ಸ್ಟುಡಿಯೋ ಅಂತ ಕರೆಯುತ್ತಾರೆ. ಇಳಿಸಿಕೊಳ್ಳುವಾಗ ಮ್ಯೂಸ್ ಹಬ್ ಅನ್ನೋ ಇನ್ನೊಂದು ಪ್ರೋಗ್ರಾಂ ಜೊತೆಗೆ ಬರಬಹುದು. ಅದರಲ್ಲಿ ಚೆಂದದ ವಾದ್ಯದ ದನಿಗಳಿವೆ, ಆದರೆ ಫೈಲು ಭಾರ, ಶುರುವಿನಲ್ಲಿ ಬೇಡ. ಬರೀ ಮ್ಯೂಸ್‌ಸ್ಕೋರ್ ಹಾಕಿಕೊಳ್ಳಿ, ಅದರ ಜೊತೆಗೆ ಬರುವ ಸಾದಾ ದನಿ ಅಭ್ಯಾಸಕ್ಕೆ ಸಾಕು.

ಸ್ಕ್ರೀನ್ ರೀಡರ್ ಅಂದರೆ ನಾನು ಇಲ್ಲಿ ಹೇಳೋದು ವಿಂಡೋಸ್‌ನ ಎನ್‌ವಿಡಿಎ. ಇದೂ ಪುಕ್ಕಟೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಶುರು ಮಾಡಿ, ಜೇಮ್ಸ್ ಟೆ ಜೊತೆಗೂಡಿ ಬೆಳೆಸಿದ್ದು. ಇಬ್ಬರಿಗೂ ಕಣ್ಣು ಕಾಣಲ್ಲ. ಮ್ಯಾಕ್ ಇದ್ದವರಿಗೆ ವಾಯ್ಸ್‌ಓವರ್ ಇದೆ, ನಾನು ಬಳಸಿಲ್ಲ.

ಈಗ ಯಾರೂ ಮೊದಲು ಹೇಳಿಕೊಡದ ವಿಷಯ. ಸ್ವರ ಬರೆಯುವಾಗ ಕಿವಿಗೆ ಎರಡು ಕೆಲಸ ಒಟ್ಟಿಗೇ ಬೀಳುತ್ತವೆ. ನೀವು ಒಂದು ಕೀ ಒತ್ತಿದ ತಕ್ಷಣ ಸ್ವರ ನುಡಿಯುತ್ತದೆ, ಅದರ ಮೇಲೇ ಎನ್‌ವಿಡಿಎ ಮಾತಾಡೋಕೆ ಶುರು ಮಾಡುತ್ತದೆ. ಇದನ್ನು ಸರಿಪಡಿಸದೆ ಕೂತರೆ ಅರ್ಧ ಗಂಟೆಗೆ ತಲೆನೋವು ಬರುತ್ತದೆ. ಎನ್‌ವಿಡಿಎ ಕೀ ಅಂದರೆ ಇನ್ಸರ್ಟ್, ಅಥವಾ ನೀವು ಇಟ್ಟುಕೊಂಡಿದ್ದರೆ ಕ್ಯಾಪ್ಸ್ ಲಾಕ್. ಆ ಕೀ ಜೊತೆಗೆ ಶಿಫ್ಟ್ ಮತ್ತು ಡಿ ಒತ್ತಿದರೆ ಆಡಿಯೋ ಡಕಿಂಗ್ ಬದಲಾಗುತ್ತದೆ. ಅದು ಆನ್ ಇದ್ದರೆ ಎನ್‌ವಿಡಿಎ ಮಾತಾಡಿದಾಗಲೆಲ್ಲ ಬೇರೆ ಸದ್ದನ್ನು ಅಮುಕುತ್ತದೆ, ಅಂದರೆ ನಿಮ್ಮ ಸ್ವರವನ್ನೇ ಅಮುಕುತ್ತದೆ. ಆಫ್ ಮಾಡಿ. ಎನ್‌ವಿಡಿಎ ಕೀ ಜೊತೆ 2 ಒತ್ತಿದರೆ ಟೈಪ್ ಮಾಡಿದ ಅಕ್ಷರ ಓದೋದನ್ನು ನಿಲ್ಲಿಸಬಹುದು. ಅದನ್ನೂ ನಿಲ್ಲಿಸಿ, ಹೇಗೂ ಸ್ವರದ ಹೆಸರನ್ನು ಮ್ಯೂಸ್‌ಸ್ಕೋರೇ ಹೇಳುತ್ತದೆ.

ದನಿ ಇಂಗ್ಲಿಷಿನದೇ ಇರಲಿ. ಎನ್‌ವಿಡಿಎ ಜೊತೆ ಬರುವ ಇ-ಸ್ಪೀಕ್‌ನಲ್ಲಿ ಕನ್ನಡ ದನಿ ಇದೆ, ಪೇಪರ್ ಓದೋಕೆ ನಾನು ಅದನ್ನೇ ಇಟ್ಟುಕೊಳ್ಳೋದು, ಆದರೆ ಇಲ್ಲಿ ಓದಬೇಕಾದ್ದೆಲ್ಲ ಇಂಗ್ಲಿಷ್ ಅಕ್ಷರ, ಅಂಕಿ. ಪದೇ ಪದೇ ಬದಲಿಸೋದು ಬೇಜಾರು ಅಂದರೆ ಕಂಟ್ರೋಲ್, ಎನ್‌ವಿಡಿಎ ಕೀ, ಪಿ ಮೂರನ್ನೂ ಒಟ್ಟಿಗೆ ಒತ್ತಿ. ಪ್ರೊಫೈಲ್ ಕಿಟಕಿ ತೆರೆಯುತ್ತದೆ. ಮ್ಯೂಸ್‌ಸ್ಕೋರ್‌ಗೆ ಅಂತಲೇ ಒಂದು ಪ್ರೊಫೈಲ್ ಮಾಡಿಟ್ಟರೆ ಅದು ತೆರೆದಾಗ ತಾನಾಗೇ ಇಂಗ್ಲಿಷ್ ದನಿ, ಬೇರೆ ಕಡೆ ಹೋದರೆ ಮತ್ತೆ ಕನ್ನಡ.

ಇಯರ್‌ಫೋನ್ ವೈರಿನದೇ ಇರಲಿ. ಬ್ಲೂಟೂತ್‌ನಲ್ಲಿ ಕೀ ಒತ್ತಿದ್ದಕ್ಕೂ ಸ್ವರ ಕೇಳೋದಕ್ಕೂ ನಡುವೆ ಒಂದು ಎಳೆ ತಡ ಆಗುತ್ತದೆ. ಆ ತಡದಲ್ಲಿ ತಾಳದ ಲೆಕ್ಕವೇ ಹೋಗಿಬಿಡುತ್ತದೆ.

ಮೊದಲ ವರಸೆ

ಕಂಟ್ರೋಲ್ ಎನ್ ಒತ್ತಿದರೆ ಹೊಸ ಸ್ಕೋರಿನ ಕಿಟಕಿ ಬರುತ್ತದೆ. ವಾದ್ಯ ಆರಿಸೋದು, ಟೆಂಪ್ಲೇಟ್ ಅಂದರೆ ಸಿದ್ಧ ಮಾದರಿ ಆರಿಸೋದು ಅಂತ ಎರಡು ದಾರಿ. ಟೆಂಪ್ಲೇಟ್‌ಗೆ ಹೋಗಿ ಜನರಲ್ ಅನ್ನೋ ಗುಂಪಿನಲ್ಲಿ ಟ್ರೆಬಲ್ ಕ್ಲೆಫ್ ಆರಿಸಿ. ಐದು ಗೆರೆಯ ಒಂದೇ ಸ್ಟಾಫ್ ಸಿಗುತ್ತದೆ. ವಾದ್ಯದ ಹೆಸರು, ಚೆಂದ ಎಲ್ಲ ಆಮೇಲೆ. ಮ್ಯೂಸ್‌ಸ್ಕೋರ್‌ನ ಕಿಟಕಿಗಳಲ್ಲಿ ಓಡಾಡೋಕೆ ಒಂದೇ ಸೂತ್ರ: ಟ್ಯಾಬ್ ಒತ್ತಿದರೆ ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ, ಬಾಣದ ಕೀ ಒತ್ತಿದರೆ ಗುಂಪಿನ ಒಳಗೆ, ಎಫ್6 ಒತ್ತಿದರೆ ದೊಡ್ಡ ಭಾಗದಿಂದ ದೊಡ್ಡ ಭಾಗಕ್ಕೆ. ಕಳೆದುಹೋದೆ ಅನ್ನಿಸಿದರೆ ಎಸ್ಕೇಪ್ ಒತ್ತುತ್ತಾ ಹೋಗಿ, ಸ್ಕೋರಿಗೇ ಬಂದು ನಿಲ್ಲುತ್ತೀರಿ. ಬಸ್ ಸ್ಟ್ಯಾಂಡಿನಲ್ಲಿ ದಾರಿ ತಪ್ಪಿದರೆ ಮತ್ತೆ ಗೇಟಿನ ಹತ್ತಿರ ಬಂದು ನಿಲ್ತೀವಲ್ಲ, ಹಾಗೆ.

ಸ್ಕೋರು ತೆರೆದಾಗ 32 ಖಾಲಿ ಮೆಷರ್‌ಗಳಿರುತ್ತವೆ, ಅಂದರೆ ತಾಳದ ಲೆಕ್ಕಕ್ಕೆ ಭಾಗ ಮಾಡಿದ ತುಂಡುಗಳು. ತಾಳದ ಗುರುತು 4/4, ಅಂದರೆ ಒಂದು ಮೆಷರ್‌ಗೆ ನಾಲ್ಕು ಏಟು. ನಮ್ಮ ಆದಿತಾಳದ ಒಂದು ಆವರ್ತ ಎಂಟು ಅಕ್ಷರ, ಹಾಗಾಗಿ ಎರಡು ಮೆಷರ್ ಸೇರಿದರೆ ಒಂದು ಆವರ್ತ. ಮೊದಲ ಮೆಷರ್ ಲಘು, ಎರಡನೇ ಮೆಷರ್ ಎರಡು ದ್ರುತ. ಹೇಳಿ ಮಾಡಿಸಿದ ಹಾಗೆ ಕೂರುತ್ತದೆ.

ಷಡ್ಜವನ್ನು ಸಿ ಅಂತ ಇಟ್ಟುಕೊಳ್ಳೋಣ, ಅಂದರೆ ಹಾರ್ಮೋನಿಯಂ ಲೆಕ್ಕದಲ್ಲಿ ಒಂದು ಮನೆ ಶ್ರುತಿ. ಆಗ ರಿ ಡಿ, ಗ ಇ, ಮ ಎಫ್, ಪ ಜಿ, ದ ಎ, ನಿ ಬಿ. ಆದರೆ ನಾವು ಸರಳೆ ಕಲಿತದ್ದು ಮಾಯಾಮಾಳವಗೌಳ ರಾಗದಲ್ಲಿ. ಅಲ್ಲಿ ರಿಷಭ ಶುದ್ಧ, ಧೈವತ ಶುದ್ಧ. ಆದ್ದರಿಂದ ಡಿ ಮತ್ತು ಎ ಎರಡನ್ನೂ ಅರ್ಧ ಮನೆ ಇಳಿಸಬೇಕು, ಡಿ ಫ್ಲ್ಯಾಟ್, ಎ ಫ್ಲ್ಯಾಟ್ ಆಗಬೇಕು. ಹಾರ್ಮೋನಿಯಂ ಮೇಲೆ ಕೈ ಓಡಿಸಿದವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ.

ಕಂಟ್ರೋಲ್ ಹೋಮ್ ಒತ್ತಿ ಶುರುವಿಗೆ ಬನ್ನಿ, ಬಲ ಬಾಣ ಒತ್ತುತ್ತಾ ಮೊದಲ ಮೆಷರ್‌ನ ರೆಸ್ಟ್ ಮೇಲೆ, ಅಂದರೆ ಸ್ವರ ಇಲ್ಲದ ಜಾಗದ ಗುರುತಿನ ಮೇಲೆ ನಿಲ್ಲಿ. ಎನ್ ಒತ್ತಿ. ಈಗ ನೀವು ಸ್ವರ ಬರೆಯುವ ಸ್ಥಿತಿಯಲ್ಲಿದ್ದೀರಿ. 5 ಒತ್ತಿ. ಅದು ಒಂದು ಏಟಿನ ಸ್ವರ, ಅವರ ಭಾಷೆಯಲ್ಲಿ ಕ್ವಾರ್ಟರ್. ಸಿ ಒತ್ತಿ. ಸ್ವರ ನುಡಿಯಿತಾ? ಎನ್‌ವಿಡಿಎ ಏನು ಹೇಳಿತು ಅಂತ ಪೂರ್ತಿ ಕೇಳಿ: ಸ್ವರದ ಹೆಸರು, ಅದರ ಸ್ಥಾಯಿಯ ಅಂಕಿ, ಉದ್ದ, ಎಷ್ಟನೇ ಮೆಷರ್, ಎಷ್ಟನೇ ಏಟು. ಸಿ5 ಅಂದರೆ ಮೇಲಿನ ಸ್ಥಾಯಿಯಲ್ಲಿ ಬಿದ್ದಿದೆ ಅಂತ ಅರ್ಥ. ಮಿಡಲ್ ಸಿ ಅನ್ನೋದು ಸಿ4. ಕಂಟ್ರೋಲ್ ಮತ್ತು ಕೆಳ ಬಾಣ ಒತ್ತಿ ಒಂದು ಸ್ಥಾಯಿ ಇಳಿಸಿ.

ಈಗ ಡಿ, ತಕ್ಷಣ ಕೆಳ ಬಾಣ ಒಂದು ಸಲ. ಡಿ ಫ್ಲ್ಯಾಟ್ ಆಯಿತು. ಇ. ಎಫ್. ಜಿ. ಎ, ಕೆಳ ಬಾಣ. ಬಿ. ಸಿ. ಒಂದು ಆವರ್ತ ಮುಗಿಯಿತು. ಸ್ಥಾಯಿಯನ್ನು ಪ್ರತಿ ಸಲ ಹೇಳಬೇಕಾಗಿಲ್ಲ, ಹಿಂದಿನ ಸ್ವರಕ್ಕೆ ಹತ್ತಿರದ್ದನ್ನೇ ಅದು ತೆಗೆದುಕೊಳ್ಳುತ್ತದೆ. ಅವರೋಹಣವೂ ಹಾಗೇ: ಸಿ, ಬಿ, ಎ ಮತ್ತು ಕೆಳ ಬಾಣ, ಜಿ, ಎಫ್, ಇ, ಡಿ ಮತ್ತು ಕೆಳ ಬಾಣ, ಸಿ. ಮೇಲಿನಿಂದ ಕೆಳಕ್ಕೆ ತಾನೇ ಇಳಿಯುತ್ತದೆ. ಹಾಡಿನಲ್ಲಿ ಸ್ವರ ದೂರಕ್ಕೆ ಹಾರುವ ಕಡೆ ಮಾತ್ರ ಮೋಸ ಆಗುತ್ತದೆ, ಸ ದಿಂದ ಮೇಲಿನ ಪ ಗೆ ಹೋಗಬೇಕು ಅಂದುಕೊಂಡರೆ ಅದು ಕೆಳಗಿನ ಪ ಹಾಕಿರುತ್ತದೆ. ಕಿವಿಗೆ ಗೊತ್ತಾಗುತ್ತದೆ, ಕಂಟ್ರೋಲ್ ಮತ್ತು ಮೇಲಿನ ಬಾಣ ಒತ್ತಿದರೆ ಸರಿ.

ಎಸ್ಕೇಪ್ ಒತ್ತಿ ಹೊರಗೆ ಬನ್ನಿ. ಇದನ್ನು ಮರೆಯಬೇಡಿ. ಮತ್ತೆ ಕಂಟ್ರೋಲ್ ಹೋಮ್, ಆಮೇಲೆ ಬಲ ಬಾಣದಿಂದ ಒಂದೊಂದೇ ಸ್ವರ ದಾಟುತ್ತಾ ಕೇಳಿ. ಇಲ್ಲಿ ನನ್ನ ಒಂದು ಉಪಾಯ ಇದೆ. ಬಾಣ ಒತ್ತಿದ ತಕ್ಷಣ ಎಡಗೈ ಕಿರುಬೆರಳಿನಲ್ಲಿ ಬರೀ ಕಂಟ್ರೋಲ್ ತಟ್ಟಿ, ಎನ್‌ವಿಡಿಎ ಬಾಯಿ ಮುಚ್ಚುತ್ತದೆ, ಸ್ವರ ಮಾತ್ರ ಉಳಿಯುತ್ತದೆ. ಮೊದಲ ಸುತ್ತು ಸ್ವರ ಕೇಳೋಕೆ. ಎಲ್ಲೋ ಏನೋ ಸರಿ ಇಲ್ಲ ಅನ್ನಿಸಿದ ಕಡೆ ಮಾತ್ರ ಒಂದು ಹೆಜ್ಜೆ ಹಿಂದೆ ಹೋಗಿ ಮಾತು ಪೂರ್ತಿ ಕೇಳಿ. ಎರಡನ್ನೂ ಒಟ್ಟಿಗೆ ಕೇಳೋಕೆ ಹೋದರೆ ಎರಡೂ ಕೇಳಲ್ಲ. ಕಂಟ್ರೋಲ್ ಜೊತೆ ಎಡ, ಬಲ ಬಾಣ ಒತ್ತಿದರೆ ಮೆಷರ್ ಮೆಷರ್ ಆಗಿ ಹಾರಬಹುದು. ಆಲ್ಟ್ ಜೊತೆ ಎಡ, ಬಲ ಒತ್ತಿದರೆ ಕ್ಲೆಫ್, ತಾಳದ ಗುರುತು, ಬಾರ್ ಗೆರೆ ಎಲ್ಲವನ್ನೂ ಬಿಡದೆ ಓದುತ್ತದೆ. ಸ್ಪೇಸ್ ಒತ್ತಿದರೆ ನಿಂತ ಜಾಗದಿಂದ ನುಡಿಸುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ.

ಕಾಣೆಯಾದ ಗಾಂಧಾರ

ನನ್ನ ಹತ್ತಿರ ಶಿರಾದಿಂದ ಒಬ್ಬ ಹುಡುಗ ಬರುತ್ತಾನೆ, ಭಾನುವಾರ ಮಾತ್ರ. ಅವನಿಗೂ ಕಣ್ಣು ಕಾಣಲ್ಲ, ಬೆರಳು ಮಾತ್ರ ನನಗಿಂತ ಚುರುಕು. ಎರಡನೇ ವರಸೆ ಬರೆಯೋಕೆ ಕೊಟ್ಟೆ, ಸರಿಸರಿ ಸರಿಗಮ ಅಂತ ಬರುತ್ತಲ್ಲ, ಅದು. ಬರೆದ. ನುಡಿಸಿ ಕೇಳಿದ.

"ಅಣ್ಣ, ಒಂದು ರಿ ಬಿಟ್ಟೋಗಿದೆ. ಸೇರಿಸ್ಬಿಡ್ತೀನಿ ಇರಿ."

ಹಿಂದೆ ಹೋಗಿ ಎನ್ ಒತ್ತಿ ಡಿ ಹಾಕಿದ. ಮತ್ತೆ ನುಡಿಸಿದ. ಸುಮ್ಮನಾದ.

"ಏನಪ್ಪಾ?"

"ರಿ ಬಂತು ಅಣ್ಣ. ಗ ಎಲ್ಲಿಗೋಯ್ತು?"

ಎಲ್ಲರಿಗೂ ಆಗೋದೇ ಇದು, ನನಗೂ ಆಗಿತ್ತು. ನಾವು ಪತ್ರ ಟೈಪ್ ಮಾಡಿ ರೂಢಿ ಆದವರು. ನಡುವೆ ಒಂದು ಅಕ್ಷರ ಸೇರಿಸಿದರೆ ಮಿಕ್ಕದ್ದು ಮುಂದೆ ಸರಿಯುತ್ತದೆ ಅಂದುಕೊಳ್ಳುತ್ತೇವೆ. ಮ್ಯೂಸ್‌ಸ್ಕೋರ್ ಹಾಗಲ್ಲ. ಅಲ್ಲಿ ಪ್ರತಿ ಏಟಿಗೂ ಒಂದು ಜಾಗ ಇದೆ, ಆ ಜಾಗದಲ್ಲಿ ಹೊಸ ಸ್ವರ ಹಾಕಿದರೆ ಹಳೇದು ಹೋಯಿತು. ಯೋಚಿಸಿದರೆ ಅದೇ ಸರಿ, ತಾಳ ಯಾರಿಗೋಸ್ಕರವೂ ಸರಿಯಲ್ಲ.

ಕಂಟ್ರೋಲ್, ಶಿಫ್ಟ್ ಎರಡನ್ನೂ ಹಿಡಿದು ಸ್ವರದ ಅಕ್ಷರ ಒತ್ತಿದರೆ ನಡುವೆ ಸೇರಿಸಬಹುದು ಅಂತ ಎಲ್ಲರೂ ಹೇಳುತ್ತಾರೆ. ಸೇರಿಸಬಹುದು, ಆದರೆ ಆ ಮೆಷರ್ ನಾಲ್ಕು ಏಟಿನ ಬದಲು ಐದು ಏಟಿನದಾಗುತ್ತದೆ, ಮುಂದಿನ ಮೆಷರ್‌ಗೆ ಏನೂ ಜರುಗುವುದಿಲ್ಲ. ತಾಳ ಕೆಟ್ಟಿದ್ದು ನಿಮಗೆ ತಕ್ಷಣ ಗೊತ್ತಾಗದೆ ಹೋಗಬಹುದು, ಶೀಟ್ ನೋಡಿ ನುಡಿಸುವವರಿಗೆ ಗೊತ್ತಾಗುತ್ತದೆ. ಹಾಗಾಗಿ ನಾನು ಮಾಡೋದು ಹೀಗೆ. ಮೊದಲು ಕಂಟ್ರೋಲ್ ಜೆಡ್ ಒತ್ತಿ ತಪ್ಪಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಿ. ಎಸ್ಕೇಪ್ ಒತ್ತಿ. ರಿ ಬರಬೇಕಾದ ಜಾಗದಲ್ಲಿ ಈಗ ಕೂತಿರುವ ಗ ಮೇಲೆ ನಿಲ್ಲಿ. ಕಂಟ್ರೋಲ್, ಶಿಫ್ಟ್, ಎಂಡ್ ಒತ್ತಿದರೆ ಅಲ್ಲಿಂದ ಕೊನೆಯವರೆಗೂ ಆಯ್ಕೆ ಆಗುತ್ತದೆ. ಕಂಟ್ರೋಲ್ ಎಕ್ಸ್, ಎಲ್ಲ ಕತ್ತರಿಸಿ ಎತ್ತಿಟ್ಟುಕೊಂಡ ಹಾಗೆ. ಈಗ ಖಾಲಿ ಜಾಗದಲ್ಲಿ ಎನ್, 5, ಡಿ, ಕೆಳ ಬಾಣ. ಎಸ್ಕೇಪ್. ಬಲ ಬಾಣ ಒತ್ತಿ ಪಕ್ಕದ ರೆಸ್ಟ್‌ಗೆ ಹೋಗಿ ಕಂಟ್ರೋಲ್ ವಿ. ಎಲ್ಲವೂ ಒಂದೇಟು ಮುಂದೆ ಸರಿದು ಕೂರುತ್ತದೆ, ಮೆಷರ್‌ಗಳೂ ಕೆಡಲ್ಲ.

ಇದರ ಅಣ್ಣತಮ್ಮನಂಥ ಇನ್ನೊಂದು ತಪ್ಪು, ಎನ್ ಒತ್ತದೆ ಬರೆಯೋಕೆ ಶುರು ಮಾಡೋದು. ಬರೆಯುವ ಸ್ಥಿತಿಯಲ್ಲಿ ಇಲ್ಲದಿರುವಾಗ 4 ಒತ್ತಿದರೆ ನೀವು ನಿಂತಿರುವ ಸ್ವರದ ಉದ್ದವೇ ಅರ್ಧ ಆಗಿಬಿಡುತ್ತದೆ. ನಾಟಕದ ಒಂದು ಕಂದ ಹೀಗೆ ಅಡ್ಡಾದಿಡ್ಡಿ ಮಾಡಿಕೊಂಡು ರಾತ್ರಿ ಹನ್ನೊಂದರವರೆಗೆ ಹುಡುಕಿದ್ದೇನೆ. ಅನುಮಾನ ಬಂದರೆ ಕೈ ಎತ್ತಿ, ಎಸ್ಕೇಪ್ ಎರಡು ಸಲ, ಆಮೇಲೆ ಬೇಕಾದರೆ ಎನ್.

ಮತ್ತೆ ಕಂಟ್ರೋಲ್ ಎಸ್. ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತಿದೆ, ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಇದ್ದರಂತೂ ಮೆಷರ್‌ಗೊಂದು ಸಲ ಸೇವ್ ಮಾಡಿ.

ಕಾಲ, ತಾಳ

ನಮ್ಮವರಿಗೆ ಇದು ಸುಲಭ. ಮೊದಲ ಕಾಲ 5, ಎರಡನೇ ಕಾಲ 4, ಮೂರನೇ ಕಾಲ 3. ಅಷ್ಟೇ. ಅಂಕಿ ಒಂದು ಇಳಿದರೆ ಸ್ವರದ ಉದ್ದ ಅರ್ಧ. ಮೇಲಕ್ಕೆ 6 ಅಂದರೆ ಎರಡು ಏಟು, 7 ಅಂದರೆ ನಾಲ್ಕು. ಚುಕ್ಕೆ ಕೀ ಒತ್ತಿದರೆ ಒಂದೂವರೆ ಪಾಲು. ಸ್ವರವನ್ನು ಮುಂದಿನ ಮೆಷರ್‌ಗೂ ಎಳೆಯಬೇಕಾದರೆ ಟಿ. 0 ಒತ್ತಿದರೆ ಆರಿಸಿದ ಉದ್ದದಷ್ಟು ರೆಸ್ಟ್, ಅಂದರೆ ಸುಮ್ನೆ ಇರೋದು. ಹಾಡು ಅರ್ಧ ಏಟು ಬಿಟ್ಟು ಎತ್ತಿಕೊಳ್ಳುತ್ತದೆ ಅಂದರೆ 4 ಒತ್ತಿ 0 ಒತ್ತಿ, ಆಮೇಲೆ ಸ್ವರ.

ಎರಡನೇ ಕಾಲವನ್ನು ಮತ್ತೆ ಕೈಯಲ್ಲಿ ಬರೆಯಬೇಕಾಗಿಲ್ಲ ಅಂತ ನನಗೆ ಗೊತ್ತಾದ ದಿನ ಖುಷಿಯಾಯಿತು. ಮೊದಲ ಕಾಲದ ವರಸೆ ಆಯ್ಕೆ ಮಾಡಿ ಕಾಪಿ ಮಾಡಿಕೊಂಡು, ಮುಂದಿನ ಖಾಲಿ ಮೆಷರ್‌ಗೆ ಹೋಗಿ, ಎಡಿಟ್ ಮೆನುವಿನಲ್ಲಿ ಪೇಸ್ಟ್ ಹಾಫ್ ಡ್ಯುರೇಶನ್ ಅನ್ನೋದನ್ನು ಒತ್ತಿ. ಇಡೀ ವರಸೆ ದುಪ್ಪಟ್ಟು ವೇಗದಲ್ಲಿ ಬಂದು ಕೂರುತ್ತದೆ. ಆದರೆ ಮೊದಲ ಸಲ ಕೈಯಲ್ಲೇ ಬರೆಯಿರಿ, ಬೆರಳಿಗೆ 4 ಮತ್ತು 3 ಎಲ್ಲಿವೆ ಅಂತ ಗೊತ್ತಾಗಬೇಕು.

ಸರಳೆ ಮುಗಿದ ಮೇಲೆ ಜಂಟಿ ವರಸೆಗಿಂತ ಮೊದಲು ಸಪ್ತತಾಳದ ಅಲಂಕಾರಗಳಿಗೆ ಹೋಗಿ ಅಂತ ನಾನು ಹೇಳೋದು. ಸಂಗೀತ ಪಾಠದ ಕ್ರಮ ಅದಲ್ಲ, ಗೊತ್ತು. ಆದರೆ ಸಾಫ್ಟ್‌ವೇರ್ ಪಾಠಕ್ಕೆ ಅದೇ ಒಳ್ಳೇದು, ಪ್ರತಿ ಅಲಂಕಾರಕ್ಕೂ ತಾಳದ ಗುರುತು ಬದಲಿಸಬೇಕಾಗುತ್ತದೆ. ಚತುರಶ್ರ ರೂಪಕಕ್ಕೆ ಆರು ಅಕ್ಷರ, ಅಂದರೆ 6/4. ತಿಶ್ರ ತ್ರಿಪುಟಕ್ಕೆ ಏಳು, 7/4. ಮಿಶ್ರ ಝಂಪೆಗೆ ಹತ್ತು. ಟೆಂಪ್ಲೇಟ್ ಆರಿಸಿದ ಮೇಲಿನ ಪುಟದಲ್ಲೇ ಟೈಮ್ ಸಿಗ್ನೇಚರ್ ಕೇಳುತ್ತದೆ, ಅಲ್ಲಿ ಹಾಕಿ. ಹಾಡಿನ ನಡುವೆ ತಾಳ ಬದಲಾಗೋದಾದರೆ, ಆ ಮೆಷರ್‌ನ ಮೊದಲ ಸ್ವರದ ಮೇಲೆ ನಿಂತು ಕಂಟ್ರೋಲ್ ಎಫ್9 ಒತ್ತಿ. ಪ್ಯಾಲೆಟ್‌ನ (ಗುರುತುಗಳ ಪಟ್ಟಿಯ) ಹುಡುಕುವ ಪೆಟ್ಟಿಗೆ ಬರುತ್ತದೆ, ಬೇಕಾದ್ದನ್ನು ಟೈಪ್ ಮಾಡಿ, ಕೆಳಗಿಳಿದು ಎಂಟರ್. ರಿಪೀಟ್ ಗುರುತು, ಜೋರು ಮೆಲ್ಲಗೆ ಅನ್ನುವ ಗುರುತು ಎಲ್ಲ ಇದೇ ದಾರಿ. ಮೆನುಗಳ ಕಾಡಿನಲ್ಲಿ ಹುಡುಕೋದಕ್ಕಿಂತ ಇದು ಎಷ್ಟೋ ವಾಸಿ.

ಗಮಕ, ಅಂದರೆ ಸ್ವರವನ್ನು ಅಲುಗಿಸೋದು ಜಾರಿಸೋದು, ಅದನ್ನು ಮಾತ್ರ ಕೇಳಬೇಡಿ. ಕಂಪಿತವಾಗಲಿ ಜಾರು ಆಗಲಿ ಸ್ಟಾಫ್ ನೊಟೇಶನ್‌ನಲ್ಲಿ ಅರ್ಧಂಬರ್ಧ ಬರುತ್ತದೆ, ಅದನ್ನು ಒತ್ತಾಯ ಮಾಡಿ ಸಣ್ಣ ಸ್ವರಗಳಲ್ಲಿ ಬರೆದರೆ ಓದುವವರಿಗೆ ಜೇನುಗೂಡು ಕಂಡ ಹಾಗೆ ಆಗುತ್ತದೆ. ನಾನು ನೇರ ಸ್ವರ ಬರೆದು, ಜೊತೆಗೆ ಹಾಡಿದ ರೆಕಾರ್ಡಿಂಗ್ ಕಳಿಸುತ್ತೇನೆ.

ಸಾಹಿತ್ಯ

ಮೊದಲ ಸ್ವರದ ಮೇಲೆ ನಿಂತು ಕಂಟ್ರೋಲ್ ಎಲ್. ಅಕ್ಷರ ಟೈಪ್ ಮಾಡಿ ಸ್ಪೇಸ್ ಒತ್ತಿದರೆ ಮುಂದಿನ ಸ್ವರಕ್ಕೆ ಹೋಗುತ್ತದೆ. ಒಂದೇ ಪದ ಎರಡು ಸ್ವರಕ್ಕೆ ಹಂಚಿಹೋದರೆ ಸ್ಪೇಸ್ ಬದಲು ಅಡ್ಡಗೆರೆ. ಮುಗಿದ ಮೇಲೆ ಎಸ್ಕೇಪ್.

ಕನ್ನಡದಲ್ಲೇ ಟೈಪ್ ಮಾಡಬಹುದು, ಆದರೆ ಒಂದು ಗುಂಡಿ ಇದೆ, ಬೀಳಬೇಡಿ. ಸಾಹಿತ್ಯ ಮುಗಿಸಿ ಎಸ್ಕೇಪ್ ಒತ್ತಿದರೂ ಕೀಬೋರ್ಡ್ ಇನ್ನೂ ಕನ್ನಡದಲ್ಲೇ ಇರುತ್ತದೆ. ಎನ್ ಒತ್ತುತ್ತೀರಿ, ಏನೂ ಆಗಲ್ಲ. ಸಿ ಒತ್ತುತ್ತೀರಿ, ಏನೂ ಆಗಲ್ಲ. ಸಾಫ್ಟ್‌ವೇರ್ ಕೈಕೊಟ್ಟಿತು ಅಂತ ಕಂಪ್ಯೂಟರನ್ನೇ ಆಫ್ ಮಾಡಿ ಆನ್ ಮಾಡಿದವನು ನಾನು. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷ್‌ಗೆ ತಂದರೆ ಮುಗಿಯಿತು. ಆ ಇಂಗ್ಲಿಷ್ ದನಿ ಕನ್ನಡ ಅಕ್ಷರ ಸರಿಯಾಗಿ ಓದುತ್ತದೆ ಅಂತಲೂ ಅಂದುಕೊಳ್ಳಬೇಡಿ, ಸಾಹಿತ್ಯ ತಿದ್ದುವಾಗ ಮಾತ್ರ ಕನ್ನಡ ದನಿಗೆ ಬದಲಿಸಿಕೊಳ್ಳಿ.

ಎರಡು ಮನೆಗೆ ಏರಿಸಿ ಅಂದರೆ

ನನಗೆ ಇದರಿಂದ ನಿಜವಾಗಿ ಲಾಭ ಆದದ್ದು ಇಲ್ಲಿ. ಹಳ್ಳಿ ನಾಟಕದಲ್ಲಿ ಒಂದೊಂದು ಪಾತ್ರಧಾರಿಗೆ ಒಂದೊಂದು ಶ್ರುತಿ. ದುರ್ಯೋಧನ ಒಂದೂವರೆ ಮನೆಯಲ್ಲಿ ಕೂಗುತ್ತಾನೆ, ಕೃಷ್ಣ ಎರಡು ಮನೆ ಬೇಕು ಅನ್ನುತ್ತಾನೆ, ನಾಳೆ ಕೃಷ್ಣನ ಪಾತ್ರಕ್ಕೆ ಬೇರೆಯವರು ಬಂದರೆ ಎಲ್ಲ ಬದಲು. ಅಪ್ಪ ಪೆಟ್ಟಿಗೆ ಮೇಲೆ ಕೈ ಸರಿಸಿಕೊಂಡು ನಡೆಸುತ್ತಿದ್ದರು. ಜೊತೆಗೆ ಪಿಟೀಲು, ಕ್ಲಾರಿಯೋನೆಟ್ ನುಡಿಸುವವರು ಶೀಟ್ ನೋಡುವವರಾದರೆ ಪ್ರತಿ ಶ್ರುತಿಗೂ ಬೇರೆ ಶೀಟ್ ಬೇಕು.

ಎಲ್ಲ ಹಾಡನ್ನೂ ಸಿ ಇಂದಲೇ, ಅಂದರೆ ಒಂದು ಮನೆಯಲ್ಲೇ ಬರೆದಿಡಿ. ನಾವು ಸರಿಗಮ ಯೋಚಿಸುವಾಗ ಅದೇ ಸುಲಭ. ಬೇರೆ ಶ್ರುತಿ ಬೇಕಾದಾಗ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡು, ಕಂಟ್ರೋಲ್ ಎ ಒತ್ತಿ ಎಲ್ಲ ಆಯ್ಕೆ ಮಾಡಿ, ಟೂಲ್ಸ್ ಮೆನುವಿನಲ್ಲಿ ಟ್ರಾನ್ಸ್‌ಪೋಸ್ ತೆರೆಯಿರಿ. ಅಲ್ಲಿ ಇಂಟರ್‌ವಲ್ ಲೆಕ್ಕದಲ್ಲಿ ಏರಿಸಬಹುದು. ಒಂದರಿಂದ ಒಂದೂವರೆ ಮನೆಗೆ ಮೈನರ್ ಸೆಕೆಂಡ್, ಎರಡಕ್ಕೆ ಮೇಜರ್ ಸೆಕೆಂಡ್, ನಾಲ್ಕಕ್ಕೆ ಪರ್ಫೆಕ್ಟ್ ಫೋರ್ತ್, ಐದಕ್ಕೆ ಪರ್ಫೆಕ್ಟ್ ಫಿಫ್ತ್. ಓಕೆ ಒತ್ತಿದರೆ ಹಾಡು ಪೂರ್ತಿ ಏರಿರುತ್ತದೆ. ಕಂಟ್ರೋಲ್ ಹೋಮ್ ಒತ್ತಿ ಮೊದಲ ನಾಲ್ಕು ಸ್ವರ ಹಾರ್ಮೋನಿಯಂ ಜೊತೆ ಹೋಲಿಸಿ ನೋಡಿ, ಮೇಲಕ್ಕೆ ಅನ್ನುವ ಬದಲು ಕೆಳಕ್ಕೆ ಆರಿಸಿದ್ದರೆ ಆಗಲೇ ಸಿಕ್ಕಿಬೀಳುತ್ತದೆ.

ಕೊಡುವ ಮೊದಲು

ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಲ್ಲಿ ಪಿಡಿಎಫ್, ಮ್ಯೂಸಿಕ್ ಎಕ್ಸ್‌ಎಂಎಲ್, ಮಿಡಿ, ಎಂಪಿ3 ಎಲ್ಲ ಇವೆ. ಬರೀ ಓದಿ ನುಡಿಸುವವರಿಗೆ ಪಿಡಿಎಫ್. ಬೇರೆ ನೊಟೇಶನ್ ಸಾಫ್ಟ್‌ವೇರ್ ಬಳಸುವ ಅರೇಂಜರ್ ಆದರೆ ಮ್ಯೂಸಿಕ್ ಎಕ್ಸ್‌ಎಂಎಲ್ ಕೊಡಿ, ಅವರು ತಮ್ಮಲ್ಲೇ ತೆರೆದು ತಿದ್ದಿಕೊಳ್ಳಬಹುದು.

ಬ್ರೈಲ್‌ಗೂ ದಾರಿ ಇದೆ. 2023ರ 4.1 ಆವೃತ್ತಿಯಿಂದ ಬ್ರೈಲ್ ಪ್ಯಾನೆಲ್ ಸೇರಿದೆ, ಬ್ರೈಲ್ ಡಿಸ್‌ಪ್ಲೇ, ಅಂದರೆ ಚುಕ್ಕೆಗಳು ಎದ್ದು ಬರುವ ಯಂತ್ರ, ಇದ್ದವರು ಬೆರಳಲ್ಲೇ ಸ್ವರ ಓದಬಹುದು. ಸಂಗೀತದ ಬ್ರೈಲನ್ನು ಲೂಯಿ ಬ್ರೈಲ್ 1829ರಲ್ಲೇ ಮಾಡಿಕೊಟ್ಟಿದ್ದ, ಅದರಲ್ಲಿ ಸಿ ಸ್ವರಕ್ಕೆ ಬಳಸೋದು ಡಿ ಅಕ್ಷರದ ಚುಕ್ಕೆಗಳನ್ನು, ಹಾಗಾಗಿ ಶಾಲೆಯಲ್ಲಿ ಬ್ರೈಲ್ ಕಲಿತವರಿಗೂ ಮೊದಲ ವಾರ ಗೊಂದಲ ತಪ್ಪಿದ್ದಲ್ಲ. ಡಿಸ್‌ಪ್ಲೇ ಬೆಲೆ ಕೇಳಿದರೆ ನಮ್ಮಂಥವರು ಸುಮ್ನೆ ಇಯರ್‌ಫೋನ್ ಹಾಕಿಕೊಳ್ಳುತ್ತೇವೆ, ಅದು ಬೇರೆ ಮಾತು. ಕಿಟಕಿ, ಪ್ಯಾನೆಲ್ ಯಾವುದೂ ಬೇಡ ಅನ್ನುವವರಿಗೆ ಲಿಲಿಪಾಂಡ್ ಅಂತ ಇನ್ನೊಂದಿದೆ, ಅದರಲ್ಲಿ ನೋಟ್‌ಪ್ಯಾಡ್‌ನಲ್ಲಿ ಟೈಪ್ ಮಾಡಿದ ಹಾಗೆ ಬರೀ ಅಕ್ಷರದಲ್ಲೇ ಸಂಗೀತ ಬರೆಯಬಹುದು. ಸ್ಕ್ರೀನ್ ರೀಡರ್‌ಗೆ ಅದು ಬೆಣ್ಣೆ ತಿಂದ ಹಾಗೆ, ಆದರೆ ಬರೆದ ತಕ್ಷಣ ಸ್ವರ ನುಡಿಯಲ್ಲ, ಅದಕ್ಕೇ ನಾನು ಈ ಕಡೆ ಉಳಿದೆ.

ಪಿಡಿಎಫ್ ಕಳಿಸುವ ಮೊದಲು ಕಣ್ಣಿರುವ ಯಾರಿಗಾದರೂ ತೋರಿಸಿ. ಸ್ವರ ಸರಿಯಿದೆಯಾ ಅಂತ ಅವರಿಗೆ ಗೊತ್ತಾಗಬೇಕಾಗಿಲ್ಲ, ಅದು ನಿಮ್ಮ ಕಿವಿಯ ಕೆಲಸ. ನನ್ನ ಮನೆಯವಳಿಗೆ ಸಂಗೀತದ ಗಂಧ ಇಲ್ಲ, ಆದರೂ ಅವಳೇ ನನ್ನ ಪರೀಕ್ಷಕಿ. "ಚೆನ್ನಾಗಿದ್ಯಾ" ಅಂತ ಕೇಳಿದರೆ "ಚೆನ್ನಾಗಿದೆ" ಅನ್ನುತ್ತಾಳೆ, ಅದರಿಂದ ಪ್ರಯೋಜನ ಇಲ್ಲ. ಹಾಗಾಗಿ ನಾನು ಕೇಳೋದು ಮೂರೇ: ಅಕ್ಷರದ ಮೇಲೆ ಅಕ್ಷರ ಎಲ್ಲಾದರೂ ಹತ್ತಿದೆಯಾ, ಒತ್ತಕ್ಷರ ಬೇರೆ ಬೇರೆಯಾಗಿ ಬಿದ್ದಿವೆಯಾ, ಕೊನೇ ಪುಟದಲ್ಲಿ ಖಾಲಿ ಗೆರೆಗಳು ಉಳಿದಿವೆಯಾ. ಮೂರನೆಯದು ಪ್ರತಿ ಸಲ ಇರುತ್ತದೆ, ಆ 32 ಮೆಷರ್‌ಗಳಲ್ಲಿ ಬಳಸದೆ ಬಿಟ್ಟವು. ಖಾಲಿ ಮೆಷರ್‌ಗಳ ಮೊದಲನೆಯದರ ಮೇಲೆ ನಿಂತು ಕಂಟ್ರೋಲ್, ಶಿಫ್ಟ್, ಎಂಡ್, ಆಮೇಲೆ ಕಂಟ್ರೋಲ್ ಡಿಲೀಟ್. ಮತ್ತೆ ಪಿಡಿಎಫ್ ಮಾಡಿ, ಆಮೇಲೆ ಜೆರಾಕ್ಸ್ ಅಂಗಡಿಗೆ ಕಳಿಸಿ. ಒಂದೇ ಬದಿಗೆ ಹಾಕಿ ಅಂತ ಹೇಳೋದು ಮರೀಬೇಡಿ, ಪಿಟೀಲು ಹಿಡಿದವರು ಪುಟ ತಿರುಗಿಸೋಕಾಗಲ್ಲ.